ಎಡಗಡೆಯ ಸ್ಟೂಲು

“ಎರಡು ದಿನದಿಂದ ನನಗೆ ತಿನ್ನಿಸಿದ್ದೆಲ್ಲ ಇದಕ್ಕೇನಾ? ಬೆಣ್ಣೆ ಹಚ್ಚೋದಿದ್ರೆ ಮೊದಲೇ ಹೇಳ್ಬೇಕಿತ್ತು. ಬಸ್ಸಿಂದ ಇಳಿದವನನ್ನ ನೇರ ಕರ್ಕೊಂಡು ಹೋಗಿ ಆ ಸ್ಟೂಲಿನ ಮೇಲೆ ಕುಕ್ಕಬಹುದಿತ್ತಲ್ಲ. ಈ ಮೀನು, ಈ ಚಹಾ, ಈ ಅಪ್ಪುಗೆ ಎಲ್ಲ ಯಾಕೆ ಬೇಕಿತ್ತು?”

ಪಿಸುವಿನ ದನಿ ಹೋಟೆಲಿನ ಮೂಲೆ ಮೇಜಿನಿಂದ ಗಲ್ಲಾದವರೆಗೂ ಕೇಳಿಸಿತು. ರಂಗದ ಪಕ್ಕದ ಸೈಡ್‌ವಿಂಗಿನ ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತು ನಟರಿಗೆ ಮರೆತ ಮಾತನ್ನು ಪಿಸುಗುಟ್ಟುವುದೇ ಅವನ ಕೆಲಸವಾಗಿದ್ದುದರಿಂದ ಗೆಳೆಯರು ಆ ಹೆಸರಿಟ್ಟಿದ್ದರು. ಅವನಿಗೆ ಇಷ್ಟು ದೊಡ್ಡ ಗಂಟಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಪಕ್ಕದ ಮೇಜಿನವನು ತುತ್ತನ್ನು ಕೈಯಲ್ಲೇ ಹಿಡಿದು ತಿರುಗಿ ನೋಡಿದ. ಎದುರಿಗೆ ಕೂತಿದ್ದ ಮೇಷ್ಟ್ರು, ಶಾಲೆ ಬಿಟ್ಟು ಎಷ್ಟೋ ವರ್ಷವಾದರೂ ಇನ್ನೂ ನಾಟಕ ಆಡಿಸುತ್ತಿದ್ದ ಮನುಷ್ಯ, ಲೋಟ ಬಿಟ್ಟ ನೀರಿನ ಉಂಗುರವನ್ನು ಬೆರಳಿನಿಂದ ಒರೆಸುತ್ತ, ಹಾಗಲ್ಲ ಕಣೋ, ನಿನ್ನನ್ನು ಕರೆಸಿದ್ದು ನೆಂಟನ ಹಾಗೇ, ಇವತ್ತು ಬೆಳಿಗ್ಗೆ ತಾಲೀಮಿನಲ್ಲಿ ನೋಡಿದ ಮೇಲೆ ನನಗೆ ಹೆದರಿಕೆಯಾಯಿತು, ಅಷ್ಟೇ ಎಂದರು. ಅದು ಸುಳ್ಳು. ಮೇಷ್ಟ್ರಿಗೆ ಸುಳ್ಳು ಹೇಳುವಾಗ ಪಾಠ ಹೇಳುವ ದನಿ ಬರುತ್ತಿತ್ತು. ಮೊದಲೂ ಹಾಗೇ, ಈಗಲೂ ಹಾಗೇ. ಇಬ್ಬರ ನಡುವೆ ದೊರೆ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದ. ಯಾವುದೋ ಹಳೆಯ ನಾಟಕದಲ್ಲಿ ರಾಜನ ವೇಷ ಹಾಕಿ ಅಂಟಿಸಿಕೊಂಡ ಹೆಸರು ಅವನದು. ಬಿಡಿಸಿದ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಒಂದರ ಪಕ್ಕ ಒಂದು ಸಾಲಾಗಿ ಇಡುತ್ತಿದ್ದ. ಜಗಳ ಬೇರೆ ಯಾರದೋ ಮನೆಯದು ಎನ್ನುವ ಹಾಗಿತ್ತು ಅವನ ಮುಖ.

“ಇವತ್ತು ಸಂಜೆ ನಾಟಕ, ಮೂರನೇ ಅಂಕದಲ್ಲಿ ಇವನಿಗೆ ಮಾತು ಕೈ ಕೊಡ್ತಿದೆ ಪಿಸು,” ಎಂದು ಮೇಷ್ಟ್ರು ದನಿ ತಗ್ಗಿಸಿದರು.

“ಯಾರಿಗೆ?” ದೊರೆ ಕೇಳಿದ.

“ನಿನಗೇ.”

“ನನಗೇನೂ ಕೈ ಕೊಡ್ತಿಲ್ಲ. ಅವನು ಮುಂದೆ ಕೂತ್ಕೊಳ್ಳಲಿ. ಇಷ್ಟು ವರ್ಷ ನನ್ನ ಕಿವಿ ನೋಡ್ಕೊಂಡು ಕೂತಿದ್ದ, ಒಂದು ಸಲ ಮುಖ ನೋಡಲಿ ಬಿಡು.”

ಪಿಸು ಬಂದದ್ದೇ ಅದಕ್ಕೆ. ದೊರೆ ಫೋನಿನಲ್ಲಿ, ಅದೇ ನಾಟಕ ಮತ್ತೆ ಆಡ್ತಾ ಇದೀವಿ, ಅದೇ ಅಪ್ಪನ ಪಾತ್ರ, ಬಾ, ಈ ಸಲ ಮುಂದೆ ಕೂತು ನೋಡು ಎಂದಾಗ, ಗೋದಾಮಿನ ಗುಮಾಸ್ತನಾದ ಅವನು ಸಾಹೇಬನ ಹತ್ತಿರ ಹಲ್ಲು ಗಿಂಜಿ ರಜೆ ಕೇಳಿದ್ದ. ಯಾವ ನಾಟಕ, ಯಾರು ನೀನು ಅಲ್ಲಿ ಎಂದು ಸಾಹೇಬ ಕೇಳಿದಾಗ ಏನು ಹೇಳಬೇಕೋ ತಿಳಿಯದೆ, ನೋಡೋಕೆ ಸಾರ್, ಬರೀ ನೋಡೋಕೆ ಎಂದಿದ್ದ. ಹಾಗೆನ್ನುವಾಗ ಅವನಿಗೆ ಒಂದು ಬಗೆಯ ಸುಖವಾಗಿತ್ತು. ಹೊಸ ಅಂಗಿ ಹೊಲಿಸಿಕೊಂಡು, ಹೆಂಡತಿಯ ಕೈಲಿ ಈ ವಯಸ್ಸಿಗೆ ಇದೊಂದು ಬಾಕಿ ಇತ್ತು ಎಂದು ಅನ್ನಿಸಿಕೊಂಡು ಹೊರಟಿದ್ದ. ಈ ನಾಟಕದ ಒಂದೊಂದು ಮಾತೂ ಅವನ ರಕ್ತದಲ್ಲಿತ್ತು. ಆದರೆ ನಾಟಕವನ್ನು ಅವನು ಒಂದು ಸಲವೂ ನೋಡಿರಲಿಲ್ಲ. ಅವನು ನೋಡಿದ್ದು ದೊರೆಯ ಎಡಗಿವಿ, ಕತ್ತಿನ ಹಿಂದೆ ಬೆವರಿಗೆ ಅಂಟಿಕೊಂಡ ಕೂದಲು, ಮತ್ತೆ ಎಡಗಾಲಿನ ಹಿಮ್ಮಡಿ. ಆ ಹಿಮ್ಮಡಿಯ ಮೇಲೆಯೇ ಅವನ ಬದುಕಿನ ಸಂಜೆಗಳೆಲ್ಲ ನಿಂತಿದ್ದವು. ಮಾತು ತಪ್ಪಿದರೆ ದೊರೆ ತಿರುಗಿ ನೋಡುತ್ತಿರಲಿಲ್ಲ, ತಡವರಿಸುತ್ತಿರಲಿಲ್ಲ. ಚಪ್ಪಲಿಯಿಂದ ಹಿಮ್ಮಡಿಯನ್ನು ಒಂದಿಷ್ಟು ಎತ್ತುತ್ತಿದ್ದ. ಪಿಸು ಪೂರ್ತಿ ಸಾಲು ಕೊಡುತ್ತಿರಲಿಲ್ಲ. ದೊರೆ ಉಸಿರು ಒಳಗೆ ಎಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಮೊದಲ ಅಕ್ಷರವನ್ನು ಬಿಡುತ್ತಿದ್ದ. ಅದು ಅವನ ಉಸಿರಿನ ಜೊತೆ ಒಳಗೆ ಹೋಗಿ ಮಾತಾಗಿ ಹೊರಗೆ ಬರುತ್ತಿತ್ತು. ಒಂದು ಸಲ ಪತ್ರಿಕೆಯವನೊಬ್ಬ ಆ ಹಿಮ್ಮಡಿ ಎತ್ತುವುದನ್ನು ಕಂಡು, ಅಪ್ಪನ ಪಾತ್ರದ ದಣಿವೆಲ್ಲ ನಟನ ಕಾಲಿನಲ್ಲಿತ್ತು ಎಂದು ಬರೆದಿದ್ದ. ಅವತ್ತು ಮೂವರೂ ಇದೇ ಮೇಜಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ಮೇಜಿನ ಮೇಲಿನ ಗೋಡೆಯಲ್ಲಿ ನಾಟಕದ ಫೋಟೋ ಈಗಲೂ ಇತ್ತು. ದೊರೆ ನಡುವೆ, ಬೆಳಕಿನಲ್ಲಿ. ಬಲ ತುದಿಯಲ್ಲಿ, ಪರದೆಯ ಮಡಿಕೆಯಿಂದ ಹೊರಗೆ ಚಾಚಿದ ಒಂದು ಮೊಣಕಾಲು. ಬಂದ ದಿನ ಹೋಟೆಲಿನವನಿಗೆ ಮೇಷ್ಟ್ರು ಪಿಸುವಿನ ಪರಿಚಯ ಮಾಡಿಸಿದ್ದು ಆ ಮೊಣಕಾಲನ್ನು ತೋರಿಸಿಯೇ. ಹೋಟೆಲಿನವನು ಫೋಟೋ ನೋಡಿ, ಪಿಸುವಿನ ಪ್ಯಾಂಟು ನೋಡಿ, ಹೌದಾ ಎಂದಿದ್ದ.

ಬೇರೆ ಯಾರನ್ನಾದರೂ ಕೂರಿಸಿ ಎಂದ ಪಿಸು. ಕೂರಿಸಿ ನೋಡಿದ್ದಾಯಿತಂತೆ. ಈಗಿನ ಹುಡುಗಿಯೊಬ್ಬಳು ದೊರೆಯ ಕಿವಿಗೆ ಏನೋ ಸಣ್ಣದನ್ನು ಸಿಕ್ಕಿಸಿ, ದೂರ ಕೂತು ಅದರೊಳಗೆ ಮಾತು ಹೇಳಿಕೊಟ್ಟಳಂತೆ. ತಾಲೀಮಿನ ನಡುವೆ ದೊರೆ ನಿಂತು, ಏನಮ್ಮಾ, ಜೋರಾಗಿ ಹೇಳು ಎಂದು ಆಕಾಶ ನೋಡಿಕೊಂಡು ಕೇಳಿ, ಆಮೇಲೆ ಅದನ್ನು ಕಿತ್ತೆಸೆದನಂತೆ. ಮೇಷ್ಟ್ರು ಇದನ್ನು ಹೇಳುವಾಗ ದೊರೆಯೇ ಎಲ್ಲರಿಗಿಂತ ಹೆಚ್ಚು ನಕ್ಕ. ಪಿಸುವೂ ನಗಬೇಕಿತ್ತು. ನಗದೆ ಎದ್ದು ಕೈ ತೊಳೆಯಲು ಹೋದ. ನಲ್ಲಿಯ ಮೇಲಿನ ಕನ್ನಡಿಯಲ್ಲಿ ಹೊಸ ಅಂಗಿ ತೊಟ್ಟ ಮುದುಕನೊಬ್ಬ ಕಂಡ. ಕಾಲರಿನ ಮೇಲೆ ಆಗಲೇ ಸಾರಿನ ಕಲೆ ಬಿದ್ದಿತ್ತು. ತಾನು ಕೇಳುತ್ತಿರುವುದು ಅಷ್ಟು ದೊಡ್ಡದೇನು? ಒಂದು ಕುರ್ಚಿ. ಎಲ್ಲರ ಹಾಗೆ ಮುಂದಕ್ಕೆ ಮುಖ ಮಾಡಿದ ಒಂದು ಕುರ್ಚಿ. ತಿರುಗಿ ಬಂದಾಗ ಮೇಷ್ಟ್ರು, ಆಯಿತಪ್ಪ, ನಿನ್ನಿಷ್ಟ, ನಾನೇ ಪುಸ್ತಕ ಹಿಡಿದು ಕೂರುತ್ತೇನೆ ಎಂದರು. ಲೆಕ್ಕ ಬಾರದ ಹುಡುಗನನ್ನು ಕೊನೆಯ ಬೆಂಚಿಗೆ ಕಳಿಸುವ ದನಿಯಲ್ಲಿ.

ಹೋಟೆಲಿನಿಂದ ನಾಟಕಶಾಲೆಗೆ ನಡೆಯುವಷ್ಟೇ ದಾರಿ. ಮೇಷ್ಟ್ರು ಮುಂದೆ, ಏನೂ ಆಗಿಲ್ಲ ಎನ್ನುವ ಹಾಗೆ ಸಿಳ್ಳೆ ಹಾಕುತ್ತ. ದೊರೆ ಪಿಸುವಿನ ತೋಳು ಹಿಡಿದುಕೊಂಡಿದ್ದ. ನಿನ್ನೆ, ಮೊನ್ನೆಯೂ ಹೀಗೇ ತೋಳು ಹಿಡಿದು ಊರೆಲ್ಲ ಸುತ್ತಿಸಿದ್ದ. ನದಿ ದಂಡೆಯ ಕಲ್ಲಿನ ಮೇಲೆ ಕೂತು ಬಿಸಿ ಜೋಳ ತಿಂದಿದ್ದರು. ಹಳೆಯ ಚಿತ್ರಶಾಲೆಗೆ ಹೋಗಿ, ಒಂದು ಕುದುರೆಯ ಚಿತ್ರದ ಮುಂದೆ ನಿಂತು, ಈ ಕುದುರೆಗೆ ಮೇಷ್ಟ್ರ ಮೂಗು ಎಂದು ಹಳೆಯ ತಮಾಷೆಯನ್ನೇ ಮತ್ತೆ ಮಾಡಿದ್ದರು. ಸಂಜೆ ಯಾರೋ ಹುಡುಗಿ ಹಾಡುತ್ತಿದ್ದಲ್ಲಿಗೆ ಹೋಗಿ ಕೊನೆಯ ಸಾಲಿನಲ್ಲಿ ತಲೆಗೆ ತಲೆ ಆನಿಸಿ ಇಬ್ಬರೂ ತೂಕಡಿಸಿದ್ದರು. ಸುಖವೇ. ಆದರೆ ಕಾಲು ಸೋತಿತ್ತು. ಒಂದು ಕಾಲದಲ್ಲಿ ತಾನು ಇದ್ದ ಊರಿಗೆ ನೆಂಟನಾಗಿ ಬರುವುದು ಬಲು ದಣಿವಿನ ಕೆಲಸ. ಪ್ರತಿ ತಿರುವಿನಲ್ಲೂ ಆಹಾ ಎನ್ನಬೇಕು, ಪ್ರತಿ ತುತ್ತಿಗೂ ಅದೇ ರುಚಿ ಎನ್ನಬೇಕು. ಅದೇ ರುಚಿ ಏನೂ ಇರಲಿಲ್ಲ. ಜೋಳ ಸುಟ್ಟು ಕರಿಯಾಗಿತ್ತು. ಚಹಾದ ಅಂಗಡಿಯ ಹತ್ತಿರ ದೊರೆ, ಇಲ್ಲೇ ಕಣೋ, ನಾವು ಆ... ಆ... ಎಂದು ಬೆರಳಾಡಿಸಿದಾಗ, ಮಳೇಲಿ ನಿಂತಿದ್ದು ಎಂದು ಪಿಸು ಹೇಳಿದ್ದ. ಹಾಂ, ಮಳೇಲಿ ನಿಂತಿದ್ದು ಎಂದು ದೊರೆ ಉತ್ಸಾಹದಿಂದ ಕತೆ ಮುಂದುವರಿಸಿದ್ದ. ಈಗಲೂ ನಾಟಕಶಾಲೆಯ ತಿರುವು ದಾಟಿ ನೇರ ಹೋಗುತ್ತಿದ್ದವನನ್ನು ಪಿಸು ತೋಳು ಹಿಡಿದು ಎಡಕ್ಕೆ ಸ್ವಲ್ಪ ಜಗ್ಗಿದ. ದೊರೆ ತಿರುಗಿದ. ಎಡಗಾಲು ತುಸು ಎಳೆಯುತ್ತಿತ್ತು. ಯಾರಾದರೂ ಮಾತಾಡಿ ಜಗಳ ಮುಗಿಸಬೇಕಿತ್ತು. ದೊರೆಯೇ ಮಾತಾಡಿದ.

“ನೀನು ಊರು ಬಿಟ್ಟ ಮೇಲೆ ನಾನು ಆಡಿದ್ದೆಲ್ಲ ಬರೀ ಸಣ್ಣ ಪಾತ್ರ. ಗೊತ್ತಾ?”

ಗೊತ್ತಿರಲಿಲ್ಲ. ಯಾಕೆ ಎಂದು ಪಿಸು ಕೇಳಲಿಲ್ಲ. ಕೇಳಿದರೆ ಸ್ಟೂಲು ಮತ್ತೆ ಮಾತಿನೊಳಗೆ ಬರುತ್ತದೆ ಎಂದು ಅವನಿಗೆ ಅನುಮಾನ. ಇದೂ ನಟನೆಯೇ ಏನೋ. ಮೇಷ್ಟ್ರು ನೇರವಾಗಿ ಕೇಳಿದ್ದನ್ನು ಇವನು ನಯವಾಗಿ ಕೇಳುತ್ತಿರಬಹುದು. ಅಂಥ ಅನುಮಾನ ಬಂದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಅನುಮಾನ ಹೋಗಲಿಲ್ಲ.

ಹಿಂಬಾಗಿಲಿನಿಂದ ಒಳಗೆ ಹೋದರೆ ಅದೇ ವಾಸನೆ: ಹಳೆ ಮರ, ಬಣ್ಣ, ಬೆವರಿನ ಬಟ್ಟೆ. ದೊರೆಯನ್ನು ಬಣ್ಣದ ಕೋಣೆಗೆ ಬಿಟ್ಟು, ಹೊರಗೆ ಹೋಗುವ ನೆಪದಲ್ಲಿ ಪಿಸು ರಂಗದ ಎಡಪಕ್ಕಕ್ಕೆ ಬಂದ. ಸ್ಟೂಲು ಅಲ್ಲೇ ಇತ್ತು. ಅದರ ಮೇಲೆ ದೊರೆಯ ಹೆಂಡತಿ ಒಂದು ದಿಂಬು ಇಟ್ಟು, ಅಂಗೈಯಿಂದ ತಟ್ಟಿ ಮಟ್ಟ ಮಾಡುತ್ತಿದ್ದಳು. ಬೆಳಿಗ್ಗೆ ಅವಳು ಬಡಿಸುತ್ತಿದ್ದಾಗ, ಬಸ್ಸಿನಲ್ಲಿ ಬಂದು ಸೊಂಟ ಹಿಡಿದಿದೆ ಅತ್ತಿಗೆ ಎಂದು ತಾನೇ ಹೇಳಿದ್ದು ಅವನಿಗೆ ನೆನಪಾಯಿತು. ಆಗ ಅವಳ ಹಿಂದೆ ದೊರೆ ಚಮಚ ಕೈಯಲ್ಲಿ ಹಿಡಿದುಕೊಂಡೇ ಚಮಚ ಹುಡುಕುತ್ತಿದ್ದ. ಅವಳು ಅವನ ಕೈಯನ್ನು ಮೆಲ್ಲಗೆ ಸಕ್ಕರೆ ಡಬ್ಬಿಯ ಕಡೆ ತಿರುಗಿಸಿದ್ದಳು. ಪಿಸು ತಟ್ಟೆಯ ಕಡೆ ನೋಡಿದ್ದ.

“ಅತ್ತಿಗೆ, ನಾನು ನೋಡೋಕೆ ಬಂದವನು,” ಎಂದ.

“ನೋಡಿ ಅಣ್ಣ. ಯಾರು ಬೇಡ ಅಂದ್ರು?” ಅವಳು ದಿಂಬಿನಿಂದ ಕೈ ತೆಗೆಯಲಿಲ್ಲ. “ಸುಮ್ಮನೆ ಇಟ್ಟೆ. ಇದು ಇಲ್ಲಿದ್ರೆ ಅವರು ಆಗಾಗ ಬಂದು ನೋಡ್ಕೊಂಡು ಹೋಗ್ತಾರೆ.”

ಬೇಡಿಕೊಂಡಿದ್ದರೆ ಅವನು ಬಹುಶಃ ಕೂತುಬಿಡುತ್ತಿದ್ದ. ಬೈದಿದ್ದರಂತೂ ಖಂಡಿತ ಕೂರುತ್ತಿದ್ದ. ಅವಳು ಎರಡನ್ನೂ ಮಾಡದೆ ದಿಂಬು ತಟ್ಟುತ್ತ ನಿಂತದ್ದೇ ಅವನ ಸಿಟ್ಟನ್ನು ಕೆರಳಿಸಿತು. ಇವರೆಲ್ಲ ಸೇರಿ ನನ್ನನ್ನು ಒಳ್ಳೆಯವನನ್ನಾಗಿ ಮಾಡಲು ಹೊರಟಿದ್ದಾರೆ, ಒಳ್ಳೆಯವನಾಗಿ ಆಗಿ ನನಗೆ ಸಾಕಾಗಿದೆ ಎಂದುಕೊಳ್ಳುತ್ತ, ದಿಂಬಿಗೆ ಬೆನ್ನು ಹಾಕಿ, ಅಂಗಳ ಸುತ್ತಿ, ಮುಂಬಾಗಿಲಿನಿಂದ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಒಳಗೆ ಹೋದ.

ಮೂರನೆಯ ಸಾಲು. ಒಳ್ಳೆಯ ಜಾಗ. ಪಕ್ಕದಲ್ಲಿ ಕನ್ನಡಕದ ಹೆಂಗಸೊಬ್ಬಳು ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಆಗಲೇ ನಾಟಕ ಶುರುವಾದಷ್ಟು ಗಂಭೀರವಾಗಿ ಕೂತಿದ್ದಳು. ಪರದೆ ಸರಿಯಿತು. ಒಂದೇ ಮನೆಯಲ್ಲಿದ್ದು ವರ್ಷಾನುಗಟ್ಟಲೆ ಮಾತು ಬಿಟ್ಟ ಅಪ್ಪ ಮಗಳ ನಾಟಕ ಅದು. ಅಪ್ಪನಾಗಿ ದೊರೆ, ಮಗಳಾಗಿ ಈಗ ದೊರೆಯ ಸ್ವಂತ ಮಗಳೇ, ಪಿಸು ಊರು ಬಿಟ್ಟಾಗ ಜಡೆ ಜಗ್ಗಿಕೊಂಡು ಚಿಕ್ಕಪ್ಪ ಚಿಕ್ಕಪ್ಪ ಎಂದು ಅಳುತ್ತ ಬಸ್ಸಿನವರೆಗೆ ಬಂದವಳು. ಮುಂದಿನಿಂದ ನೋಡಿದರೆ ಎಲ್ಲವೂ ತಿರುವುಮುರುವಾಗಿತ್ತು. ಎಡ ಬಲವಾಗಿ, ಕಿಟಕಿ ಇರಬೇಕಾದಲ್ಲಿ ಬಾಗಿಲಿದ್ದು, ಯಾರು ಎಲ್ಲಿಂದ ಬರುತ್ತಾರೆಂದು ಅವನು ಪ್ರತಿ ಸಲವೂ ತಪ್ಪು ಕಡೆಗೆ ನೋಡಿದ. ಮತ್ತೆ ದೊರೆಯ ಮುಖ. ಎಷ್ಟು ವರ್ಷದಿಂದ ಕಾದದ್ದು ಇದಕ್ಕೇ. ಹುಬ್ಬು ಏರಿಸುತ್ತಿತ್ತು, ತುಟಿ ಬಿಗಿಯುತ್ತಿತ್ತು, ನಟರ ಮುಖಗಳು ಮಾಡುವುದನ್ನೆಲ್ಲ ಮಾಡುತ್ತಿತ್ತು. ಚೆನ್ನಾಗಿತ್ತು. ಆದರೆ ಆ ಕಿವಿಯ ಹಿಂದೆ ಕೂತು ತಾನು ಊಹಿಸಿಕೊಂಡಿದ್ದ ಮುಖ ಇದಲ್ಲ. ಆ ಮುಖ ಇನ್ನೂ ದೊಡ್ಡದಾಗಿತ್ತು, ಇನ್ನೂ ಸುಮ್ಮನಿತ್ತು. ಇಷ್ಟು ದೂರ ಬಸ್ಸಿನಲ್ಲಿ ಕೂತು ಬಂದು, ಎಲ್ಲರನ್ನೂ ನೋಯಿಸಿ ಸಂಪಾದಿಸಿದ ಈ ಕುರ್ಚಿಯಲ್ಲಿ ಕೂತು ಅವನು ನೋಡುತ್ತಿದ್ದುದು ಒಬ್ಬ ಗೆಳೆಯ ಚೆನ್ನಾಗಿ ನಟಿಸುವುದನ್ನು. ಅಷ್ಟೇ. ಅವನಿಗೆ ಆಕಳಿಕೆ ಬಂತು. ನಾಚಿಕೆಯಾಗಿ ಬಾಯಿಗೆ ಕೈ ಅಡ್ಡ ಹಿಡಿದ.

“ಸ್ವಲ್ಪ ನಾಟಕ ನೋಡೋಕೆ ಬಿಡ್ತೀರಾ?” ಕನ್ನಡಕದ ಹೆಂಗಸು ಅಂದಳು.

ಆಕಳಿಕೆಗೆ ಇಷ್ಟು ಸಿಟ್ಟೇ ಎಂದು ಅವನು ತಿರುಗಿ ನೋಡಿದಾಗ ಅವಳು ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಆಗ ಗೊತ್ತಾಯಿತು, ಪರದೆ ಸರಿದ ಹೊತ್ತಿನಿಂದ ಅವನ ತುಟಿ ಅಲ್ಲಾಡುತ್ತಲೇ ಇತ್ತು. ಪ್ರತಿ ಮಾತಿನ ಮೊದಲ ಅಕ್ಷರ, ದೊರೆಗಿಂತ ಒಂದು ಉಸಿರು ಮುಂಚೆ. ಮುಂದಿನ ಸಾಲಿನವನೂ ಕತ್ತು ಉಜ್ಜಿಕೊಂಡು ಹಿಂದೆ ನೋಡಿದ. ಪಿಸು ಕರವಸ್ತ್ರ ತೆಗೆದು ಮಡಿಸಿ ಬಾಯಿಗೆ ಒತ್ತಿ ಹಿಡಿದುಕೊಂಡ. ಬಟ್ಟೆಯಲ್ಲಿ ಮಧ್ಯಾಹ್ನದ ಮೀನಿನ ವಾಸನೆ ಇತ್ತು. ಮಳೇಲಿ ನಿಂತಿದ್ದು. ಎಡಕ್ಕೆ. ಅದು ಚಮಚ. ಆ ವಾಸನೆಯ ಜೊತೆಗೇ ಎರಡು ದಿನ ಹೇಳಿದ, ಹೇಳದೆ ಉಳಿಸಿದ ಮಾತೆಲ್ಲ ಅವನ ಮೂಗಿಗೆ ಬಂತು. ಜೋಳ ಮಾರುವವಳಿಗೆ ನಿಂಬೆ ಹೆಚ್ಚು ಹಾಕು ಎಂದದ್ದು ಯಾರು? ಹಾಡುವ ಹುಡುಗಿಯ ಅಪ್ಪ, ಹಿಂದೆ ಇವರ ರಂಗಕ್ಕೆ ಮರಗೆಲಸ ಮಾಡುತ್ತಿದ್ದವನು, ಎದುರಾದಾಗ, ಏನು ಬಡಗಿಯವರೇ ಎಂದು ಮೊದಲು ಮಾತಾಡಿಸಿದ್ದು ಯಾರು? ದೊರೆ ಬೆರಳಾಡಿಸಿದಾಗಲೆಲ್ಲ, ಗಂಟಲು ಕೆರೆದಾಗಲೆಲ್ಲ, ತಾನು ಮಾತು ಕೊಡುತ್ತಲೇ ಬಂದಿದ್ದ. ಹೋಟೆಲಿನಲ್ಲಿ ಕುಳಿತು ನಾನು ಆ ಕೆಲಸ ಮಾಡೋದಿಲ್ಲ ಎಂದು ಕೂಗಾಡಿದ್ದ. ಆದರೆ ಬಸ್ಸಿನಿಂದ ಇಳಿದ ಗಳಿಗೆಯಿಂದ ಅವನು ಮಾಡಿದ್ದೇ ಆ ಕೆಲಸ. ತೋಳು ಹಿಡಿದುಕೊಂಡದ್ದು ಪ್ರೀತಿಗೋ, ದಾರಿಗೋ? ಎರಡಕ್ಕೂ ಇರಬಹುದು. ಹಾಗಿದ್ದರೆ ನಾನು ಸಿಟ್ಟು ಮಾಡಿಕೊಂಡದ್ದು ಯಾತಕ್ಕೆ?

ಎರಡನೆಯ ಅಂಕದಲ್ಲಿ ಒಂದು ಎಡವಟ್ಟಾಯಿತು. ಅಪ್ಪ ಮಗಳ ಹಳೆಯ ಚಪ್ಪಲಿಯನ್ನು ಕೈಗೆತ್ತಿಕೊಂಡು ಸುಮ್ಮನೆ ನಿಲ್ಲುವ ಜಾಗ ಅದು. ದೊರೆ ಬೇಕೆಂದೇ ನಿಂತಿದ್ದ. ಹಿಮ್ಮಡಿ ನೆಲ ಬಿಟ್ಟಿರಲಿಲ್ಲ. ಮೇಷ್ಟ್ರಿಗೆ ಹಿಮ್ಮಡಿ ಓದಲು ಬರುತ್ತಿರಲಿಲ್ಲ. ಪುಸ್ತಕ ಓದಲು ಬರುತ್ತಿತ್ತು. ಅವರು ಒಳಗಿನಿಂದ ಇಡೀ ಸಾಲನ್ನು ಪಾಠದ ದನಿಯಲ್ಲಿ ಹೇಳಿಬಿಟ್ಟರು. ಜನ ನಕ್ಕರು. ಕನ್ನಡಕದ ಹೆಂಗಸೂ ನಕ್ಕಳು. ದೊರೆ ಚಪ್ಪಲಿಯನ್ನು ಕೆಳಗಿಟ್ಟು, ಆ ಸಾಲನ್ನು ಹೇಳದೆ, ಮುಂದಿನದಕ್ಕೆ ಹೋದ. ಇನ್ನು ಮೇಷ್ಟ್ರು ಬಾಯಿ ಬಿಡುವುದಿಲ್ಲ ಎಂದು ಪಿಸುವಿಗೆ ಆಗಲೇ ತಿಳಿಯಿತು. ಎದ್ದು ಹೋಗಬಹುದಿತ್ತು. ಅಂಕ ಮುಗಿದು ದೀಪ ಹತ್ತಿದಾಗ ಅಂಗಳ ಸುತ್ತಿ ಹಿಂದೆ ಹೋಗಿ, ಸರಿಯಿರಿ ಮೇಷ್ಟ್ರೇ ಎಂದರೆ ಮುಗಿದಿತ್ತು; ದಿಂಬು ಸಹಿತ ಕಾದಿತ್ತು. ಅವನು ಕುರ್ಚಿಯ ಕೈ ಹಿಡಿದು ಅರ್ಧ ಎದ್ದ. ಹೆಂಗಸು ದಾರಿ ಬಿಡಲೆಂದು ಮೊಣಕಾಲು ಓರೆ ಮಾಡಿದಳು. ಹೋಗಿ ಮೇಷ್ಟ್ರ ಮುಖ ನೋಡಬೇಕು. ಬಂದೆಯಾ ಎನ್ನುವ ಆ ಮುಖ. ಅವನು ಮತ್ತೆ ಕೂತ. ಹೆಂಗಸು ನಿಟ್ಟುಸಿರು ಬಿಟ್ಟು ಮೊಣಕಾಲು ನೇರ ಮಾಡಿಕೊಂಡಳು.

ಮೂರನೆಯ ಅಂಕದಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ತಟ್ಟೆ. ಮಗಳು ನಿಜವಾದ ಅನ್ನ, ನಿಜವಾದ ಸಾರು ಬಡಿಸಿದಳು. ಹಬೆ ದೀಪದ ಬೆಳಕಿನಲ್ಲಿ ಮೇಲೇಳುತ್ತಿತ್ತು. ಇಡೀ ನಾಟಕ ಇಲ್ಲಿಗೆ ಬಂದು ನಿಲ್ಲಬೇಕು. ಅಪ್ಪ ಒಂದು ತುತ್ತು ತಿಂದು, ಇಷ್ಟು ವರ್ಷದ ಮೌನ ಮುರಿದು, ‘ಉಪ್ಪು ಸಾಲದು ಮಗಳೇ’ ಎನ್ನಬೇಕು. ಅಷ್ಟೇ ಮಾತು. ಅದನ್ನು ಕೇಳಿ ಮಗಳು ನಗಲು ಹೋಗಿ ಅಳುತ್ತಾಳೆ. ಆ ಅಳುವನ್ನು ಕೇಳಿಯೇ ಪಿಸು ಎಷ್ಟೋ ಸಂಜೆ ಪುಸ್ತಕ ಮುಚ್ಚಿ ಮನೆಗೆ ಹೋಗಿದ್ದ. ದೊರೆ ತುತ್ತು ಬಾಯಿಗಿಟ್ಟ. ಅಗಿದ. ನುಂಗಿದ. ಮಗಳು ಕಾದಳು. ಜನರೂ ಕಾದರು. ಅವರಿಗೆ ಇದೂ ನಾಟಕ. ಮೇಜಿನ ಕೆಳಗೆ, ಬೆಳಕು ಸರಿಯಾಗಿ ಬೀಳದಲ್ಲಿ, ಎಡಗಾಲಿನ ಹಿಮ್ಮಡಿ ಚಪ್ಪಲಿಯಿಂದ ಎದ್ದಿತು.

ಪಿಸುವಿನ ಬಾಯಿ ತುಂಬ ಆ ಅಕ್ಷರ ತುಂಬಿಕೊಂಡಿತು. ಕರವಸ್ತ್ರ ಒದ್ದೆಯಾಗಿತ್ತು. ಇಲ್ಲಿಂದ ಹೇಳಿದರೆ ಸಭೆಯೆಲ್ಲ ಕೇಳುತ್ತದೆ, ಮತ್ತೆ ನಗುತ್ತದೆ. ದೊರೆಯ ಮಾನ ಹೋಗುತ್ತದೆ. ಅವನ ಮಾನಕ್ಕೇ ಸುಮ್ಮನಿದ್ದೇನೆ ಎಂದು ಹೇಳಿಕೊಂಡ; ಹೇಳಿಕೊಂಡದ್ದು ಅವನಿಗೇ ಸುಳ್ಳು ಎಂದು ಕೇಳಿಸಿತು. ಹಿಮ್ಮಡಿ ಇಳಿಯಿತು, ಮತ್ತೆ ಎದ್ದಿತು, ಈ ಸಲ ಇನ್ನೂ ಮೇಲೆ. ಮಗಳು ಜಾಣೆ, ಉಪ್ಪಿನ ಬಟ್ಟಲನ್ನು ಮೆಲ್ಲಗೆ ಅಪ್ಪನ ಕಡೆ ಸರಿಸಿದಳು. ದೊರೆ ಬಟ್ಟಲನ್ನು ನೋಡಿದ. ಅದರೊಳಗೆ ಬೆರಳು ಆಡಿಸಿದ. ಆಮೇಲೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದ. ಕತ್ತು ಹೊರಳಿಸಿ ತನ್ನ ಎಡಕ್ಕೆ, ಸ್ಟೂಲಿನ ಕಡೆ, ತಿರುಗಿ ನೋಡಿದ.

ಆಗ ಪಿಸುವಿಗೆ ಎಡಗಿವಿ ಮರೆಯಾಗಿ ದೊರೆಯ ಇನ್ನೊಂದು ಕಿವಿ ಕಂಡಿತು. ಆ ಕಿವಿಯನ್ನು ಅವನು ಯಾವತ್ತೂ ನೋಡಿರಲಿಲ್ಲ. ಮುದುಕನ ಕಿವಿ, ರೋಮ ಬೆಳೆದದ್ದು, ಯಾರದೂ ಆಗಿರಬಹುದಾದದ್ದು.

ದೊರೆ ಎದ್ದ. ಎಂಜಲು ಕೈಯನ್ನು ಅಂಗಿಗೆ ತಾಗದ ಹಾಗೆ ದೂರ ಹಿಡಿದುಕೊಂಡು, ಎಡಗಾಲು ಎಳೆಯುತ್ತ, ಆ ಕಡೆಗೆ ನಡೆದ. ಆ ಮನೆಗೆ ಅಲ್ಲಿ ಬಾಗಿಲಿರಲಿಲ್ಲ. ಬಣ್ಣ ಬಳಿದ ಗೋಡೆ, ಗೋಡೆಯ ಪಕ್ಕದಲ್ಲಿ ಪರದೆಯ ಮಡಿಕೆ. ಮಡಿಕೆಯನ್ನು ಸರಿಸಿ ಅವನು ಬಗ್ಗಿದ. ಕತ್ತಲಲ್ಲಿ ಕೂತ ಯಾರನ್ನೋ ಹುಡುಕುವವನ ಹಾಗೆ ಬಗ್ಗಿ ನೋಡಿ, ಒಳಗೆ ಹೋದ. ಪರದೆ ಒಂದಿಷ್ಟು ಅಲ್ಲಾಡಿ ನಿಂತಿತು.

ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಇನ್ನೂ ಕೆಲವರು ತಟ್ಟಿದರು. ಕನ್ನಡಕದ ಹೆಂಗಸು ಚೀಲದ ಬಾಯಿ ತೆರೆದು ಕಣ್ಣೊರೆಸಿಕೊಳ್ಳಲು ಏನೋ ಹುಡುಕಿದಳು. ಅವಳಿಗೆ ನಾಟಕ ಸಿಕ್ಕಿತ್ತು. ಮಗಳು ಖಾಲಿ ಕುರ್ಚಿಯನ್ನೂ ಪರದೆಯನ್ನೂ ನೋಡಿ, “ಅಪ್ಪ ಕೈ ತೊಳೆಯೋಕೆ ಹೋದರು, ಈಗ ಬರ್ತಾರೆ,” ಎಂದಳು. ಯಾರಿಗೂ ಅಲ್ಲ, ತಟ್ಟೆಗೆ ಹೇಳಿದ ಹಾಗೆ. ಅಂಥ ಮಾತು ಪುಸ್ತಕದಲ್ಲಿ ಇರಲಿಲ್ಲ. ಅವಳು ಸಾರು ಆರದಿರಲೆಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಸೆರಗು ಸರಿಪಡಿಸಿಕೊಂಡು, ಕೂತಳು.

“ಉಪ್ಪು,” ಎಂದ ಪಿಸು.

ಕರವಸ್ತ್ರ ಮಡಿಲಲ್ಲಿ ಬಿದ್ದಿತ್ತು. ಅವನು ಪಿಸುಗುಟ್ಟಲಿಲ್ಲ, ಹೋಟೆಲಿನಲ್ಲಿ ಬಂದ ಅದೇ ದೊಡ್ಡ ದನಿಯೇ ಬಂತು. “ಉಪ್ಪು ಸಾಲದು.” ಮುಂದಿನ ಸಾಲಿನ ತಲೆಗಳೆಲ್ಲ ಹಿಂದೆ ತಿರುಗಿದವು. ರಂಗದ ಮೇಲಿನಿಂದ ಮಗಳು ಕಣ್ಣಿಗೆ ಕೈ ಅಡ್ಡ ಹಿಡಿದು ಕತ್ತಲಿನೊಳಗೆ ನೋಡಿದಳು; ಅವಳಿಗೆ ದನಿಯ ಗುರುತು ಸಿಕ್ಕಿತು. ಅವಳು ಅವನ ಕಡೆ ನೋಡಿದಳು, ಆಮೇಲೆ ಪರದೆಯ ಕಡೆ. ಪಿಸುವೂ ಅದನ್ನೇ ನೋಡುತ್ತಿದ್ದ. ಮಾತು ಕೊಟ್ಟಾಗಿತ್ತು. ಅದು ಅಲ್ಲಿಯವರೆಗೆ ಹೋಗಿ, ದೊರೆಯ ಉಸಿರಿನ ಜೊತೆ ಒಳಗೆ ಇಳಿದು, ಮತ್ತೆ ಹೊರಗೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನು ಕಾದ. ಇನ್ನೂ ಕಾದ. ಮುಚ್ಚಿದ ತಟ್ಟೆಯ ಅಂಚಿನಿಂದ ಹಬೆ ಬರುವುದು ನಿಂತಿತು. ಪರದೆಯ ಮಡಿಕೆಯಿಂದ ಒಂದು ಮೊಣಕಾಲು ಮಾತ್ರ ಹೊರಗೆ ಚಾಚಿತ್ತು. ಅದು ಮೇಷ್ಟ್ರದು.